ದಫೇದಾರರ ಕೆಮ್ಮು

ಇದು ನಡೆದ ಕತೆ. ಸರಿಯಾಗಿ ಹೇಳಬೇಕೆಂದರೆ ನಡೆದದ್ದೂ ಅಲ್ಲ, ದಡದಡನೆ ಠಾಣೆಯ ಮೆಟ್ಟಿಲು ಹತ್ತಿ ಬಂದದ್ದು.

ಸೋಮವಾರ ಬೆಳಿಗ್ಗೆ ಹತ್ತೂಕಾಲು. ಇನ್‌ಸ್ಪೆಕ್ಟರ್ ಅಂದಿನ ಮೊದಲ ಕಡತಕ್ಕೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದರು. ಬಾಗಿಲಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಕಾರಿನ ಕೀ ಹಿಡಿದು ನಿಂತಿದ್ದರು. ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವರು. ಎಲ್ಲರಿಗೂ ಅವರು ಡ್ರೈವಿಂಗ್ ಟೀಚರ್. ಪಾಠಕ್ಕಿಂತ ಬೈಗುಳಕ್ಕೆ ಹೆಸರಾದವರು.

"ನಾನು ಶನಿವಾರದಿಂದ ಅರೆಸ್ಟ್ ಆಗಿದ್ದೀನಿ," ಎಂದರು. "ವಿಚಾರಣೆ ಮುಗಿದಿದ್ರೆ ನನ್ನ ದುಡ್ಡು ವಾಪಸ್ ಕೊಡಿ. ಬುಧವಾರ ತಂಗಿ ಬೆನ್ನಿನ ಆಪರೇಶನ್‌ಗೆ ಕಟ್ಟಬೇಕು."

"ಯಾರು ಅರೆಸ್ಟ್ ಮಾಡಿದ್ದು?"

"ನೀವೇ. ಫೋನಲ್ಲಿ."

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು. ಹೊರಗೆ ರೈಟರ್ ಕಾನ್‌ಸ್ಟೇಬಲ್‌ಗೆ ಅರ್ಥವಾಗಿಹೋಗಿತ್ತು. ಅವನು ಪಕ್ಕದವನ ಕಿವಿಯಲ್ಲಿ, "ಟೀಚರ್‌ಗೇ ಯಾರೋ ರಿವರ್ಸ್ ಗೇರ್ ಹಾಕಿದಾರೆ," ಎಂದ. ಪಕ್ಕದವನು ನಕ್ಕ. ಅವನ ಪಕ್ಕದವನೂ ನಕ್ಕ. ನಗುವಿಗೆ ಸಮನ್ಸ್ ಬೇಕಿಲ್ಲವಲ್ಲ, ಅದು ಇಡೀ ಠಾಣೆ ಸುತ್ತಿ ಬಂತು.

ಟೀಚರ್ ತಿರುಗಿ ನೋಡಿದರು. "ನಗಪ್ಪಾ, ನಗು. ಟೆಸ್ಟ್‌ನಲ್ಲಿ ಎಂಟು ಹಾಕು ಅಂದ್ರೆ ಸೊನ್ನೆ ಹಾಕಿ ಕಂಬಕ್ಕೆ ಗುದ್ದಿದವನು ನೀನೇ ತಾನೆ?"

ರೈಟರ್ ನಗು ನುಂಗಿದ. ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು. ಟೀಚರ್ ಕೂರಲಿಲ್ಲ.

"ಮೊದಲು ಯಾರ ಫೋನ್ ಬಂತು?"

"ಕೊರಿಯರ್‌ನವರದು. ನನ್ನ ಹೆಸರಲ್ಲಿ ಪಾರ್ಸೆಲ್ ಹೋಗಿದೆ, ಅದರಲ್ಲಿ ಮಾದಕ ವಸ್ತು ಸಿಕ್ಕಿದೆ, ಲೈನ್ ಪೊಲೀಸರಿಗೆ ಕೊಡ್ತೀವಿ ಅಂದ್ರು."

"ಆಮೇಲೆ?"

"ವೀಡಿಯೋ ಕಾಲ್. ಯೂನಿಫಾರ್ಮ್ ಹಾಕಿದ್ದ. ಇಮೇಲಲ್ಲಿ ಸೀಲು, ಸಹಿ ಎಲ್ಲಾ ಇರೋ ವಾರಂಟ್ ಬಂತು. ಯಾರಿಗೂ ಹೇಳಬೇಡಿ, ಎರಡು ಗಂಟೆಗೊಮ್ಮೆ ಕಾಲ್ ತಗೊಂಡು ಮುಖ ತೋರಿಸಿ ಅಂದ. ನಿನ್ನೆ ಸಂಜೆ, ಅಕೌಂಟಲ್ಲಿರೋದನ್ನ ಪರಿಶೀಲನೆಗೆ ಕಳಿಸಿ, ಮೂರು ದಿನದಲ್ಲಿ ವಾಪಸ್ ಬರುತ್ತೆ ಅಂದ. ಮುಕ್ಕಾಲುಪಾಲು ಕಳಿಸಿದೆ. ಠಾಣೆಗೆ ಮಾತ್ರ ಬರಬೇಡಿ ಅಂದ. ನನಗೆ ಮೂರು ದಿನ ಎಲ್ಲಿದೆ? ಬಂದೆ."

ಇನ್‌ಸ್ಪೆಕ್ಟರ್ ಇಮೇಲ್ ನೋಡಿದರು. ಸೀಲು ದುಂಡಗಿತ್ತು, ಸಹಿ ಸೊಟ್ಟಗಿತ್ತು. ಕಳಿಸಿದ ವಿಳಾಸ ಮಾತ್ರ ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದದ್ದು.

"ಟೀಚರ್, ಪೊಲೀಸರು ಫೋನಲ್ಲಿ ಯಾರನ್ನೂ ಅರೆಸ್ಟ್ ಮಾಡಲ್ಲ. ಪರಿಶೀಲನೆ ಅಂತ ದುಡ್ಡು ತರಿಸ್ಕೊಳ್ಳಲ್ಲ. ಯಾರಿಗೂ ಹೇಳಬೇಡಿ ಅಂದಾಗಲೇ ಗೊತ್ತಾಗಬೇಕಿತ್ತು. ನಾಲ್ಕು ಜನಕ್ಕೆ ಹೇಳಿದ್ರೆ ಅದರಲ್ಲಿ ಒಬ್ಬರಾದರೂ ಫೋನ್ ಇಡು ಅಂತಿದ್ರು."

ಟೀಚರ್ ಆಗ ಕೂತರು. ಕೂತದ್ದಲ್ಲ, ಕುರ್ಚಿ ಸಿಕ್ಕಿದ್ದರಿಂದ ನೆಲಕ್ಕೆ ಬೀಳಲಿಲ್ಲ ಅಷ್ಟೆ. ಆಮೇಲೆ ಬಾಗಿಲ ಬಳಿ ನಿಂತಿದ್ದ ದಫೇದಾರರತ್ತ ಕೀ ಚಾಚಿದರು.

"ನಂಬಿದ್ದು ಇವರಿಂದ."

ದಫೇದಾರರು, ಎಂದರೆ ಠಾಣೆಯ ಹೆಡ್ ಕಾನ್‌ಸ್ಟೇಬಲ್, ನಿವೃತ್ತಿಗೆ ಹತ್ತಿರವಾದವರು. ಗಾಬರಿಯಲ್ಲಿ ಕೆಮ್ಮಿದರು. ಮೂರು ಗಿಡ್ಡ, ಒಂದು ಉದ್ದ, ಕೊನೆಗೆ "ಅಯ್ಯಮ್ಮಾ".

"ಅದೇ! ಲೈಸೆನ್ಸು, ಆಕ್ಸಿಡೆಂಟು ಅಂತ ಎಷ್ಟು ಸಲ ಈ ಬೆಂಚಲ್ಲಿ ಕೂತಿಲ್ಲ ನಾನು? ಆ ವೀಡಿಯೋದಲ್ಲಿ ಅವನ ಹಿಂದೆ ಇದೇ ಕೆಮ್ಮು ಕೇಳಿಸ್ತಿತ್ತು. ಯೂನಿಫಾರ್ಮ್ ಸುಳ್ಳಿರಬಹುದು, ಈ ಕೆಮ್ಮು ಸುಳ್ಳಾಗುತ್ತಾ?"

ಈಗ ಯಾರೂ ನಗಲಿಲ್ಲ.

ಇಂಥ ಕಳ್ಳರಿಗೆ ಗೋಡೆ ಕೊರೆಯುವ ಕಷ್ಟವಿಲ್ಲ, ಬೀದಿನಾಯಿಯ ಕಾಟವಿಲ್ಲ. ಅವರು ಕನ್ನ ಹಾಕುವುದು ಕಿವಿಗೆ. ಮನೆಯವರ ಭಯದ ಕೈಯಲ್ಲೇ ಬೀಗ ತೆಗೆಸಿ, 'ಸಾರ್' ಅನ್ನಿಸಿಕೊಂಡು, ಬೀರು ಖಾಲಿ ಮಾಡಿಸಿ, ಕೊನೆಗೆ ದುಡ್ಡು ಕಳೆದುಕೊಂಡವರ ತಲೆಗೇ ದಡ್ಡರು ಎಂಬ ಹೆಸರನ್ನೂ ಕಟ್ಟಿಹೋಗುತ್ತಾರೆ.

ಹತ್ತೂ ಮುಕ್ಕಾಲಿಗೆ ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಸೈಬರ್ ಸಹಾಯವಾಣಿಗೂ ಬ್ಯಾಂಕಿಗೂ ಫೋನ್ ಮಾಡಿದರು. ಹಣದ ಒಂದು ಪಾಲು ಮೊದಲ ಖಾತೆಯಲ್ಲೇ ಇತ್ತು, ಅದಕ್ಕೆ ತಡೆ ಬಿತ್ತು. ಉಳಿದದ್ದು ಮುಂದಿನ ಖಾತೆಗಳಿಗೆ ಹಾರಿತ್ತು. ಅವು ಯಾರವು ಎಂದು ತಿಳಿಯಬೇಕಾದರೆ ಆಸಾಮಿ ಬೇಕು.

"ಆ ಕಾಲ್ ಎಲ್ಲಿ ಕೂತು ತಗೊಂಡ್ರಿ?" ಎಂದು ಕೇಳಿದವಳು ಮಹಿಳಾ ಕಾನ್‌ಸ್ಟೇಬಲ್. ಯಾರ ದನಿಯನ್ನಾದರೂ ಅಣಕಿಸುವವಳು, ಅದಕ್ಕೇ ಠಾಣೆಯವರು ಅವಳನ್ನು ಟೇಪು ಎಂದು ಕರೆಯುತ್ತಿದ್ದರು. ಟೀಚರ್ ಬಳಿಯೇ ಕಾರು ಕಲಿತವಳು.

"ಮನೇಲಿ ತಂಗಿ ಮಲಗಿರ್ತಾಳಲ್ಲೇ. ಕಾರಲ್ಲಿ ಕೂತು."

"ಕಾರಲ್ಲಿ ಕ್ಯಾಮರಾ ಇದೆಯಲ್ಲಕ್ಕಾ!"

ಇತ್ತು. ಶಿಷ್ಯರು ಬ್ರೇಕ್ ಬದಲು ಆಕ್ಸಿಲರೇಟರ್ ತುಳಿದು, ಆಮೇಲೆ ನಾನಲ್ಲ ಎಂದು ವಾದಿಸುತ್ತಾರೆಂದು ಟೀಚರ್ ಕಾರಿನೊಳಗೆ ಸಣ್ಣ ಕ್ಯಾಮರಾ ಹಾಕಿಸಿದ್ದರು. ಅದು ಮುಖವನ್ನೂ ಮಾತನ್ನೂ ಹಿಡಿಯುತ್ತಿತ್ತು. ಇಬ್ಬರು ಪಂಚರ ಸಮ್ಮುಖದಲ್ಲಿ ಪಂಚನಾಮೆ ಮಾಡಿ ಮೆಮೊರಿ ಕಾರ್ಡ್ ವಶಕ್ಕೆ ಪಡೆದರು. ಅದರ ನಕಲನ್ನು ಇನ್‌ಸ್ಪೆಕ್ಟರ್ ಕೋಣೆಯ ಕಂಪ್ಯೂಟರಿಗೆ ಹಾಕಿ ಬಾಗಿಲು ಮುಚ್ಚಿದರು.

ನಕಲಿ ಅಧಿಕಾರಿಯ ದನಿ ಗಡಸು. ಅದರ ಹಿಂದೆ ವೈರ್‌ಲೆಸ್ ಗೊರಗೊರ, ಹಳೇ ಪ್ರಿಂಟರಿನ ಕಿರುಚಾಟ, ದಫೇದಾರರ ಕೆಮ್ಮು. ಸ್ವಲ್ಪ ಹೊತ್ತಿಗೆ ಮತ್ತೊಂದು ದನಿ.

"ದುಡ್ಡು ಕೊಡೋವಾಗ ನಮ್ಮನ್ನ ಕೇಳಿದ್ಯಾ? ಕಳ್ಕೊಂಡ ಮೇಲೆ ಮಾತ್ರ ನಾವು ಬೇಕಾ? ದುರಾಸೆಗೆಲ್ಲಾ ಎಫ್‌ಐಆರ್ ಬರೀತಾ ಕೂತ್ರೆ ಪೇಪರ್ ಸಾಲಲ್ಲಯ್ಯಾ."

ಅದರ ಬೆನ್ನಿಗೇ ಹತ್ತಾರು ಜನರ ನಗು.

ಇನ್‌ಸ್ಪೆಕ್ಟರ್ ಕಿವಿ ಕೆಂಪಾಯಿತು. ದನಿ ಅವರದೇ. ಟೇಪು ಅಣಕಿಸಿದ್ದಲ್ಲ, ಅಸಲಿ.

ಸ್ವಲ್ಪ ಹೊತ್ತಿನ ಮೇಲೆ ಅದೇ ಗೊರಗೊರ, ಅದೇ ಕೆಮ್ಮು, ಅದೇ ಮಾತು, ಅದೇ ನಗು. ಮತ್ತೆ ಮೊದಲಿಂದ.

"ಸುತ್ತಿ ಸುತ್ತಿ ಹಾಕ್ತಿದಾನೆ ಸಾರ್," ಎಂದಳು ಟೇಪು. "ಇಲ್ಲೇ ಕೂತು ರೆಕಾರ್ಡ್ ಮಾಡಿರೋದು. ಆ ಪ್ರಿಂಟರ್ ಗುಜರಿಗೆ ಹೋಗಿ ವರ್ಷದ ಮೇಲಾಯ್ತು. ಅಂದ್ರೆ ಅದಕ್ಕೂ ಮುಂಚೆ."

"ಯಾರಿಗೆ ಹೇಳಿದ್ದು ನಾನು ಇದನ್ನ?"

ಕೋಣೆಯಲ್ಲಿ ಎಲ್ಲರೂ ನೆಲ ನೋಡಿದರು. ಹಾಗೆ ಹೇಳಿಸಿಕೊಂಡವರು ಒಬ್ಬಿಬ್ಬರಾಗಿದ್ದರೆ ನೆನಪಿಸಿಕೊಳ್ಳುವುದು ಸುಲಭವಿತ್ತು.

ದಫೇದಾರರೇ ಬಾಯಿ ಬಿಟ್ಟರು. "ಮೈಕ್ ಸೆಟ್‌ನವನು ಇರಬೇಕು ಸಾರ್. ದೊಡ್ಡ ಸಮಾರಂಭಕ್ಕೆ ಸೌಂಡ್ ಬೇಕು ಅಂತ ಫೋನ್ ಬಂದಿತ್ತಂತೆ ಅವನಿಗೆ. ಗುತ್ತಿಗೆ ಸಿಗಬೇಕಾದ್ರೆ ಮೊದಲು ನೀನು ಠೇವಣಿ ಕಟ್ಟು ಅಂದ್ರಂತೆ. ಕಟ್ಟಿ ಕಳ್ಕೊಂಡ. ನಾಲ್ಕು ದಿನ ಬಂದು ಆ ಬೆಂಚಲ್ಲಿ ಕೂತಿದ್ದ. ಕೊನೇ ದಿನ ಫೋನ್ ಕೈಯಲ್ಲಿ ಹಿಡ್ಕೊಂಡೇ ಕೂತಿದ್ದ."

"ದೂರು?"

"ಬರ್ಕೊಳ್ಳಲಿಲ್ಲ ಸಾರ್."

ಇನ್‌ಸ್ಪೆಕ್ಟರ್ ಎದ್ದರು. ಜೀಪಿನ ಕೀ ತೆಗೆದುಕೊಂಡರು.

ಮೈಕ್ ಸೆಟ್ ಅಂಗಡಿಯಿದ್ದ ಜಾಗದಲ್ಲಿ ಈಗ ಟೈರ್ ಅಂಗಡಿ. ಟೈರಿನವನು ಪಂಕ್ಚರ್ ಹಾಕುತ್ತಲೇ ಉತ್ತರ ಕೊಟ್ಟ. "ಅವನಾ? ಸಾಮಾನೆಲ್ಲಾ ಮಾರ್ಕೊಂಡ. ಎರಡು ದೊಡ್ಡ ಸ್ಪೀಕರ್ ಬಾಕ್ಸ್ ಮಾತ್ರ ಪ್ರಾಣ ಹೋದ್ರೂ ಕೊಡಲ್ಲ ಅಂತ ಇಟ್ಕೊಂಡ. ಬಸ್ ಡಿಪೋ ಹಿಂದಿನ ಗೋಡೌನಲ್ಲಿ ಇದಾನೆ. ಏನೋ ಆನ್‌ಲೈನ್ ಕೆಲಸವಂತೆ."

ಗುಮಾನಿ ಸಾಕಾಗದು, ಖಾತ್ರಿ ಬೇಕಿತ್ತು. ಟೀಚರ್ ಮಧ್ಯಾಹ್ನ ಹನ್ನೆರಡಕ್ಕೆ ಮುಖ ತೋರಿಸಬೇಕಿತ್ತು. ಖಾತೆಯಲ್ಲಿ ಉಳಿದಿದ್ದ ಚೂರುಪಾರು ಹಣವನ್ನೂ ಆಗಲೇ ಕಳಿಸಬೇಕೆಂದು ಅಪ್ಪಣೆಯಾಗಿತ್ತು. ಯೋಜನೆ ಹೇಳಿದಾಗ ಟೀಚರ್ ಕೇಳಿದ್ದು ಒಂದೇ ಮಾತು.

"ಬೈಬಹುದಾ?"

"ಹಿಡಿಯೋವರೆಗೂ ಬೇಡ."

ಹನ್ನೆರಡಕ್ಕೆ ಟೀಚರ್ ಎಂದಿನಂತೆ ತಮ್ಮ ಮನೆ ಮುಂದೆ ಕಾರಿನಲ್ಲಿ ಕೂತು ಕರೆ ತೆಗೆದುಕೊಂಡರು. ಹಿಂದಿನ ಸೀಟಿನ ಕೆಳಗೆ ದಫೇದಾರರು ಮಡಚಿಕೊಂಡು ಕೂತಿದ್ದರು. ಡಿಪೋ ಹಿಂದಿನ ಗೋಡೌನಿನ ಅರ್ಧ ಇಳಿಸಿದ ಶಟರಿನ ಆಚೆ ಇನ್‌ಸ್ಪೆಕ್ಟರ್, ಟೇಪು, ಹಿಂಬಾಗಿಲಲ್ಲಿ ರೈಟರ್ ಮಫ್ತಿಯಲ್ಲಿ ನಿಂತಿದ್ದರು.

ಕಿವಿ ಆನಿಸುವ ಅಗತ್ಯವೇ ಬೀಳಲಿಲ್ಲ. ಹುಟ್ಟಾ ಮೈಕ್ ಸೆಟ್‌ನವನು. ಫೋನಿನ ಚಿಟಿಕೆ ಗಾತ್ರದ ಸ್ಪೀಕರಿನಲ್ಲಿ ಕೇಳಿದರೆ ಅವನಿಗೆ ಕೇಳಿದಂತಾಗುವುದಿಲ್ಲ. ಟೀಚರ್ ದನಿಯನ್ನು ಆಳೆತ್ತರದ ಬಾಕ್ಸಿಗೇ ಕೊಟ್ಟಿದ್ದ. ಶಟರ್ ನಡುಗುತ್ತಿತ್ತು.

"ದುಡ್ಡು ಕಳಿಸ್ತೀನಿ ಸಾರ್. ಆದ್ರೆ ತಂಗಿ ಆಪರೇಶನ್ ಇದೆ. ಸ್ವಲ್ಪ ಬಿಟ್ಟುಕೊಡೋಕಾಗಲ್ವಾ?"

"ಕಾನೂನಿಗೆ ತಂಗಿ ಇಲ್ಲ," ಎಂದಿತು ಗಡಸು ದನಿ.

ಆಗ ಟೀಚರ್ ಹೇಳಿಕೊಟ್ಟಂತೆ ಹಾರ್ನ್ ಒತ್ತಿದರು. ಪೀಂ, ಪೀಂ, ಪೀಂ. ಮೂರೂ ಸಲ ಗೋಡೌನಿನೊಳಗಿಂದ ಹೊರಬಂತು. ಇನ್‌ಸ್ಪೆಕ್ಟರ್ ಶಟರಿನ ಹಿಡಿಗೆ ಕೈ ಹಾಕಿದರು.

ಅಷ್ಟರಲ್ಲಿ ಕೆಮ್ಮು. ಮೂರು ಗಿಡ್ಡ, ಒಂದು ಉದ್ದ, ಅಯ್ಯಮ್ಮಾ. ಅದು ರೆಕಾರ್ಡಿನದು. ಅದು ಮುಗಿಯುವ ಮೊದಲೇ ಇನ್ನೊಮ್ಮೆ, ಇನ್ನೂ ಜೋರಾಗಿ. ಅದು ಸೀಟಿನ ಕೆಳಗಿನದು. ತಮ್ಮ ಕೆಮ್ಮನ್ನು ಕೇಳಿಯೇ ದಫೇದಾರರಿಗೆ ಗಂಟಲು ಕೆರೆದಿತ್ತು.

ಒಳಗೆ ದನಿ ನಿಂತಿತು. "ಯಾರದು ಕೆಮ್ಮಿದ್ದು?"

ಟೀಚರ್ ಉಸಿರು ಹಿಡಿಯಲೂ ಇಲ್ಲ. "ನಿಮ್ಮೋರೇ ಸಾರ್. ಶನಿವಾರದಿಂದ ಕೆಮ್ತಾನೇ ಇದಾರೆ. ಒಂದು ಲೋಟ ಬಿಸಿನೀರು ಕೊಡಬಾರದಾ ಪಾಪ?"

ಶಟರ್ ಮೇಲೆ ಹೋಯಿತು.

ಗೋಡೆಗೆ ನೀಲಿ ಬಟ್ಟೆ, ಅದರ ಮೇಲೆ ಇಲಾಖೆಯ ಲಾಂಛನದ ಚಿತ್ರ. ನಾಟಕದ ಬಟ್ಟೆ ಬಾಡಿಗೆಗೆ ಕೊಡುವವರಿಂದ ತಂದ ಯೂನಿಫಾರ್ಮಿನ ಅಂಗಿ, ಅದರ ಕೆಳಗೆ ಚಡ್ಡಿ. ಕ್ಯಾಮರಾ ಕಾಣುವಷ್ಟು ಮಾತ್ರ ಪೊಲೀಸ್. ಕೊರಿಯರ್‌ನವನಾಗಿ ಮಾತಾಡುತ್ತಿದ್ದ ಜೊತೆಗಾರ ಹಿಂಬಾಗಿಲಿಗೆ ಓಡಿದ, ಅಲ್ಲಿ ರೈಟರ್ ನಿಂತಿದ್ದ. ಅಂಗಿ ತೊಟ್ಟ ಮೈಕ್ ಸೆಟ್‌ನವನು ಏಳಲಿಲ್ಲ. ಇನ್‌ಸ್ಪೆಕ್ಟರನ್ನು ಗುರುತು ಹಿಡಿದ.

"ಈಗ ಬಂದ್ರಾ ಸಾರ್? ನಾನು ಕರೆದಿದ್ದು ಎರಡು ವರ್ಷದ ಹಿಂದೆ."

ಹಿಂದೆ ಬಾಕ್ಸಿನಲ್ಲಿ ಇನ್‌ಸ್ಪೆಕ್ಟರ್ ದನಿ ಪೇಪರ್ ಸಾಲಲ್ಲಯ್ಯಾ ಎನ್ನುತ್ತಿತ್ತು. ಠಾಣೆಯ ನಗು ಗೋಡೌನ್ ತುಂಬಿತು. ಅದನ್ನು ಆರಿಸಲು ಸ್ವಿಚ್ ಎಲ್ಲಿದೆಯೆಂದು ಟೇಪುಗೆ ಸ್ವಲ್ಪ ಹೊತ್ತು ಸಿಗಲಿಲ್ಲ.

ಎರಡು ಗಂಟೆಗೆ ಪಂಚನಾಮೆ ಮುಗಿಯಿತು. ಫೋನುಗಳು, ಸಿಮ್‌ಗಳು, ಲ್ಯಾಪ್‌ಟಾಪ್, ಅಂಗಿ, ಬಾಕ್ಸುಗಳು ಜಪ್ತಿಯಾದವು. ಇಬ್ಬರನ್ನೂ ಬಂಧಿಸಿ ಠಾಣೆಗೆ ತಂದರು.

"ನಮ್ಮ ಠಾಣೆ ಹದ್ದಿನಲ್ಲಿರೋರನ್ನೇ ಯಾಕೆ ಹಿಡಿದೆ?" ಎಂದು ಇನ್‌ಸ್ಪೆಕ್ಟರ್ ಮೈಕ್ ಸೆಟ್‌ನವನನ್ನು ಕೇಳಿದರು.

"ಕಳ್ಕೊಂಡೋರೆಲ್ಲಾ ನಿಮ್ಮ ಬೆಂಚಲ್ಲಿ ಬಂದು ಕೂರಲಿ ಅಂತ. ಇನ್ನೆಷ್ಟು ಸಲ ನಗ್ತೀರೋ ನೋಡೋಣ ಅಂತ."

"ಎಷ್ಟು ಜನಕ್ಕೆ ಮಾಡಿದ್ದೀಯ?"

"ಏಳೆಂಟು. ಯಾರೂ ಬರಲಿಲ್ವಾ ಸಾರ್? ಬರಲ್ಲ. ನಿಮ್ಮ ನಗು ಕೇಳಿದೋರು ಯಾಕೆ ಬರ್ತಾರೆ?"

ಹೇಳಿಕೆಗೆ ಸಹಿ ಹಾಕಲು ಬಂದಿದ್ದ ಟೀಚರ್ ಇದನ್ನು ಕೇಳಿಸಿಕೊಂಡರು. ಅವನು ತಲೆ ತಗ್ಗಿಸಿದ. "ನಿಮ್ಮ ಮೇಲೆ ನನಗೆ ಕೋಪ ಇರಲಿಲ್ಲಮ್ಮಾ."

"ನನಗಿದೆಯಲ್ಲೋ!" ಗಾಜು ಅದುರಿತು. "ಇವರು ನಿನ್ನ ನೋಡಿ ನಕ್ಕರು. ತಪ್ಪು, ಇವರ ಮುಖಕ್ಕೆ ಉಗಿ, ನಾನೂ ಜೊತೆಗೆ ಬರ್ತಿದ್ದೆ. ಅದಕ್ಕೆ ನನ್ನ ತಂಗಿ ಬೆನ್ನು ಮುರೀತೀಯಾ? ಕಳ್ಕೊಂಡ ಹೊಟ್ಟೆ ಹೇಗೆ ಉರಿಯುತ್ತೆ ಅಂತ ಗೊತ್ತಿದ್ದೂ ಇನ್ನೊಬ್ಬರ ಹೊಟ್ಟೆಗೆ ಬೆಂಕಿ ಇಟ್ಟೆಯಲ್ಲ. ಗೊತ್ತಿಲ್ಲದವನು ಮಾಡಿದ್ರೆ ಕಳ್ಳ ಅಂತಿದ್ದೆ. ನಿನಗೆ ಅಂತ ನನ್ನ ಹತ್ರ ಬೈಗುಳವೇ ಇಲ್ಲ."

ಬೈಗುಳ ಸಾಲದೆ ಟೀಚರ್ ಸುಮ್ಮನಾದದ್ದನ್ನು ಟೇಪು ಮೊದಲ ಸಲ ನೋಡಿದಳು. ಅವನು ಉಳಿದ ಖಾತೆಗಳನ್ನು ಹೇಳಿದ. ಸಂಜೆಯೊಳಗೆ ಹೆಚ್ಚುಕಡಿಮೆ ಎಲ್ಲಕ್ಕೂ ತಡೆ ಬಿತ್ತು.

ಇನ್‌ಸ್ಪೆಕ್ಟರ್ ರೈಟರನ್ನು ಕರೆದರು. "ಇನ್ನೊಂದು ಎಫ್‌ಐಆರ್ ತಗೋ. ದೂರುದಾರ ಇವನೇ. ಎರಡು ವರ್ಷದ ಹಿಂದಿನ ಮೋಸ. ತಡವಾದದ್ದಕ್ಕೆ ಕಾರಣ ಅಂತ ಇರೋ ಜಾಗದಲ್ಲಿ ಬರಿ: ಠಾಣೆಯಲ್ಲಿ ದೂರು ಸ್ವೀಕರಿಸಲಿಲ್ಲ."

"ಹಾಗೇ ಬರೀಲಾ ಸಾರ್?"

"ನನ್ನ ದನಿ ಕೇಳಿಸ್ತಲ್ಲ. ಬಾಕ್ಸಿಗೆ ಬೇರೆ ಹಾಕಬೇಕಾ?"

ಮೈಕ್ ಸೆಟ್‌ನವನು ಬೆಂಚಿನ ಮೇಲೆ, ಎರಡು ವರ್ಷದ ಹಿಂದೆ ಕೂತಿದ್ದ ತುದಿಯಲ್ಲೇ, ಬೇಡಿಯ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ.

ಟೀಚರ್ ಸಮಸ್ಯೆ ಮುಗಿದಿರಲಿಲ್ಲ. ತಡೆಹಿಡಿದ ಹಣ ಕೈಗೆ ಬರಲು ನ್ಯಾಯಾಲಯದ ಆದೇಶ ಬೇಕು, ಬುಧವಾರಕ್ಕೆ ಆಗುವ ಮಾತಲ್ಲ. ಹಣ ಕಟ್ಟಲು ಸ್ವಲ್ಪ ಸಮಯ ಕೊಡಿ ಎಂದು ಆಸ್ಪತ್ರೆಯವರನ್ನು ನಾನೇ ಕೇಳುತ್ತೇನೆಂದು ಇನ್‌ಸ್ಪೆಕ್ಟರ್ ಫೋನ್ ಎತ್ತಿ, ಟೀಚರಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದರು. ಆ ಕಡೆ ಬಿಲ್ಲಿಂಗ್ ಕೌಂಟರಿನ ಹೆಂಗಸು.

"ನಾನು ಪೊಲೀಸ್ ಇನ್‌ಸ್ಪೆಕ್ಟರ್ ಮಾತಾಡ್ತಿರೋದು. ನಿಮ್ಮ ಒಬ್ಬ ಪೇಶೆಂಟ್ ಹಣದ ವಿಷಯ—"

"ಹೋ, ಇನ್‌ಸ್ಪೆಕ್ಟರು. ಹಣದ ವಿಷಯ. ಇವತ್ತು ನೀನು ಮೂರನೆಯವನು ಕಣಪ್ಪಾ."

"ಅಮ್ಮಾ, ನಾನು ನಿಜವಾದ ಪೊಲೀಸ್."

"ಎಲ್ಲರೂ ನಿಜವಾದೋರೇ. ನಿಜವಾಗಿದ್ರೆ ಗುರುತಿನ ಚೀಟಿ ಹಿಡ್ಕೊಂಡು ಕೌಂಟರಿಗೆ ಬಾ."

ಬಾಗಿಲಲ್ಲಿ ದಫೇದಾರರು ಕೆಮ್ಮಿದರು. ಮೂರು ಗಿಡ್ಡ, ಒಂದು ಉದ್ದ.

"ಹಿಂದೆ ಕೆಮ್ಮೋಕೆ ಬೇರೆ ಒಬ್ಬನ್ನ ಇಟ್ಕೊಂಡಿದ್ದೀಯಾ? ಇಡೋ ಫೋನು," ಎಂದು ಆ ಕಡೆಯಿಂದ ಕಟ್ ಆಯಿತು.

ಇನ್‌ಸ್ಪೆಕ್ಟರ್ ಕೈಯಲ್ಲಿ ಫೋನ್ ಹಾಗೇ ಉಳಿಯಿತು. ನಗಬೇಕೋ ಬೇಡವೋ ಎಂದು ಇಡೀ ಠಾಣೆ ಅವರ ಮುಖ ನೋಡುತ್ತಿತ್ತು. ಮೊದಲು ಬಾಯಿ ಬಿಟ್ಟವರು ಟೀಚರ್. ಕಣ್ಣಲ್ಲಿ ನೀರು ಬಂದು, ಮೇಜು ಹಿಡಿದುಕೊಂಡು ನಕ್ಕರು. ಟೇಪು ನಕ್ಕಳು, ರೈಟರ್ ನಕ್ಕ, ದಫೇದಾರರು ಕೆಮ್ಮುತ್ತಲೇ ನಕ್ಕರು. ಎಲ್ಲರ ನಗುವಿಗಿಂತ ಮೇಲೆ ಟೀಚರ್ ನಗುವೇ ಕೇಳುತ್ತಿತ್ತು.

"ಏಳಿ ಸಾರ್," ಎಂದರು ಕಣ್ಣೊರೆಸಿಕೊಂಡು, ಕಾರಿನ ಕೀ ಕುಲುಕುತ್ತಾ. "ಆಯಮ್ಮ ನನಗಿಂತ ಜಾಣೆ. ಚೀಟಿ ತಗೊಳ್ಳಿ, ಕೌಂಟರಿಗೆ ನಾನು ಕರ್ಕೊಂಡು ಹೋಗ್ತೀನಿ. ದಫೇದಾರ್ರೇ, ನೀವೂ ಬನ್ನಿ. ಸೀಟ್ ಮೇಲೆ ಕೂರಬಹುದು."

ಮೆಟ್ಟಿಲು ಇಳಿಯುವವರೆಗೂ ಅವರಿಗೆ ನಗು ನಿಲ್ಲಲಿಲ್ಲ.