ಖಾಲಿ ಬಿದ್ದಿದ್ದ ಒಂದನೇ ಪ್ಲಾಟ್‌ಫಾರಂ

ದ್ಯಾಮವ್ವನ ಕೈಲಿ ಏನೂ ಆಗದು ಎಂದು ಮೊದಲು ಹೇಳಿದವನು ಅವಳ ಮಾವ. ಆಮೇಲೆ ಹೇಳಿದವರು ಊರಿನ ಶಾಲೆಯ ಐಗಳು. ಹೊರೆ ಹೊರುವವಳಿಗೆ ಅಕ್ಷರ ಯಾತಕ್ಕೆ ಎಂದು ನಕ್ಕು ಕಳಿಸಿದ್ದರು. ಅವಳು ಉಪ್ಪಿನ ಚೀಲಗಳ ಮೇಲಿನ ಬರಹ ನೋಡಿ, ನಿಲ್ದಾಣಗಳ ಹೆಸರು ನೋಡಿ, ತಾನೇ ಓದು ಕಲಿತಳು. ಮೂರನೆಯವನು ಮಾಯಗಾರ ಮಸಿಕಂಠ. ಈ ಕತೆ ಅವನು ಕೆಟ್ಟುಹೋದ ಕತೆ.

ಬಹಳ ಹಿಂದೆ, ನೆಲದ ಮೇಲೆ ಇನ್ನೂ ರಸ್ತೆಗಳು ಹುಟ್ಟದಿದ್ದಾಗ, ಕೆಳನಾಡು ಎಂಬ ರಾಜ್ಯವಿತ್ತು. ಅಲ್ಲಿ ರೈಲು ನೆಲದಡಿಯಲ್ಲೇ ಓಡುತ್ತಿತ್ತು. ಕೊನೆಯ ನಿಲ್ದಾಣದಲ್ಲಿ ಎರಡು ಪ್ಲಾಟ್‌ಫಾರಂ. ಒಂದನೆಯದರಿಂದ ಏಳು ಮೆಟ್ಟಿಲು ಹತ್ತಿದರೆ ಸಂತೆ. ಎರಡನೆಯದರಿಂದ ಮುನ್ನೂರು ಮೆಟ್ಟಿಲು.

ಯಾವ ರೈಲು ಎಲ್ಲಿ ನಿಲ್ಲಬೇಕೆಂದು ಹೇಳುವವನು ಮಸಿಕಂಠ. ಒಂದನೆಯದನ್ನು ಅವನು ದೊರೆಗಳ ರೈಲಿಗೆಂದು ತೆಗೆದಿಟ್ಟಿದ್ದ. ಆ ರೈಲು ಬರುತ್ತಿದ್ದುದು ವರ್ಷಕ್ಕೊಮ್ಮೆ. ಉಳಿದ ದಿನ ಅಲ್ಲಿ ನೊಣ ಕೂರುವುದಕ್ಕೂ ಅಪ್ಪಣೆಯಿರಲಿಲ್ಲ. ಉಪ್ಪು, ಸೊಪ್ಪು, ಮಡಕೆ ಹೊತ್ತವರ ರೈಲುಗಳು ಎರಡನೆಯದು ಯಾವಾಗ ಖಾಲಿಯಾದೀತೆಂದು ಸುರಂಗದಲ್ಲಿ ಒಂದರ ಹಿಂದೊಂದು ನಿಂತು ಬೇಯುತ್ತಿದ್ದವು. ಯಾಕೆ ಹೀಗೆ ಎಂದರೆ, ಕಟ್ಟಿದವರೇ ಕಲ್ಲಲ್ಲಿ ಕೊರೆಸಿದ್ದಾರೆ ಎನ್ನುತ್ತಿದ್ದ: “ದೊರೆಯವರಿಗೆ ಒಂದನೆಯದು.” ಎಲ್ಲರೂ ಕಿವಿಯಲ್ಲಿ ಕೇಳಿ ನಂಬಿದರು. ಕಣ್ಣಾರೆ ಓದಿದವರು ಒಬ್ಬರೂ ಇರಲಿಲ್ಲ.

ಇದು ಸಾಲದೆಂದು ಅವನ ಮಾಯೆ ಬೇರೆ. ಹತ್ತುವಾಗ ದಣಿದು ಕೂತವರು ಅಲ್ಲೇ ಒಂದು ಮೆಟ್ಟಿಲಾಗುತ್ತಿದ್ದರು. ಮೆಟ್ಟಿಲು ಮುನ್ನೂರಾದದ್ದೇ ಹಾಗೆ. ಒಂದು ಸೋಮವಾರ ದ್ಯಾಮವ್ವನ ಅಕ್ಕ ತಿಪ್ಪವ್ವ ಇನ್ನೇನು ಮೇಲೆ ಮುಟ್ಟಬೇಕು, ಮೊಣಕಾಲು ಹಿಡಿದು ಕೂತುಬಿಟ್ಟಳು. ಮುನ್ನೂರ ಒಂದನೆಯ ಮೆಟ್ಟಿಲಾದಳು. ಹಿಂದೆ ಬಂದವರು ಅವಳನ್ನೇ ತುಳಿದು ಹತ್ತಿದರು. ಬೇರೆ ದಾರಿ ಎಲ್ಲಿತ್ತು?

ದ್ಯಾಮವ್ವ ಮಸಿಕಂಠನೆದುರು ನಿಂತು, ಅಕ್ಕನನ್ನು ಬಿಡು, ಇಲ್ಲವೇ ಆ ಕಲ್ಲು ತೋರಿಸು ಎಂದಳು.

“ಓದ್ತೀಯಾ? ಬಾ ತಾಯಿ,” ಎಂದು ಅವನು ಹಲ್ಲು ಕಿಸಿದ. “ಮೂಟೆ ಹೊತ್ತೇ ಬಾ. ಮೆಟ್ಟಿಲು ದಾಟು, ಹುಲಿ ದಾಟು, ಕಲ್ಲು ಮುಟ್ಟು. ನಿನ್ನಂಥವಳಿಂದ ಆಗೋ ಕೆಲಸವಲ್ಲ.”

ಅವಳು ಉಪ್ಪಿನ ಮೂಟೆ ಹೊತ್ತು ಹತ್ತಿದಳು. ನೂರನೆಯ ಮೆಟ್ಟಿಲು ಕೂತ್ಕೋ ಮಗಳೇ ಎಂದಿತು. ಕೂರಲಿಲ್ಲ. ಇನ್ನೂರನೆಯದು ನೀರು ಕೊಡ್ತೀನಿ ಎಂದಿತು. ಕೂರಲಿಲ್ಲ. ಕೊನೆಯ ಮೆಟ್ಟಿಲ ಮುಂದೆ ಮಾತ್ರ ಅವಳ ಕಾಲು ಏಳಲಿಲ್ಲ.

“ಏನ್ ನೋಡ್ತೀಯೇ?” ಎಂದಳು ಕಲ್ಲಾದ ತಿಪ್ಪವ್ವ. “ತುಳಿ. ತುಳಿದು ನಡಿ.”

ತುಳಿದಳು.

ಮೇಲೆ, ಸಂತೆಯ ದಾರಿಯಿಂದ ಆಚೆ, ಕಲ್ಲಿಗೆ ಕಾವಲು ಕೂತ ಕಬ್ಬಿಣದ ಹುಲಿ. ಯಾರ ಕಡೆಯವಳು ಎಂದು ಕೇಳಿತು. ದೊಡ್ಡವರ ಹೆಸರು ಹೇಳಿದವರನ್ನು ಅದು ಬಿಡುತ್ತಿತ್ತು, ಉಳಿದವರನ್ನು ನುಂಗುತ್ತಿತ್ತು.

“ಸುರಂಗದಲ್ಲಿ ನಿಂತಿದ್ದಾರಲ್ಲ, ಅವರ ಕಡೆಯವಳು. ಒಬ್ಬೊಬ್ಬರ ಹೆಸರೂ ಕೇಳ್ಕೊಂಡು ಬಾ, ಆಮೇಲೆ ನುಂಗು,” ಎಂದಳು.

ಹುಲಿ ಇಳಿದು ಹೋಯಿತು. ಇನ್ನೂ ಕೇಳುತ್ತಲೇ ಇದೆ.

ಕಲ್ಲು ಕೆಂಡದಂತೆ ಸುಡುತ್ತಿತ್ತು. ಮೊದಲ ಅಕ್ಷರದ ಮೇಲೆ ಮಸಿ ದಪ್ಪಗೆ ಮೆತ್ತಿತ್ತು. ಮಸಿಯ ಮೇಲೆ ‘ದೊ’ ಎಂದು ಗೀಚಿತ್ತು. ದ್ಯಾಮವ್ವ ಮೂಟೆ ಬಿಚ್ಚಿ ಹಿಡಿ ಉಪ್ಪು ತೆಗೆದು ಉಜ್ಜಿದಳು. ಚರ್ಮ ಸುಟ್ಟಿತು, ಉಜ್ಜಿದಳು. ಬೆರಳು ಕಮರಿತು, ಉಜ್ಜಿದಳು. ಮಸಿ ಉದುರಿತು. ಅಡಿಯಲ್ಲಿ ಉಳಿಯಿಂದ ಕೊರೆದ ಅಕ್ಷರ ‘ಹೊ’.

“ಹೊರೆಯವರಿಗೆ ಒಂದನೆಯದು,” ಎಂದು ಗಟ್ಟಿಯಾಗಿ ಓದಿದಳು. “ಒಂದಕ್ಷರ ತಿದ್ದಿ ಇಷ್ಟು ಜನರನ್ನ ಕಲ್ಲು ಮಾಡಿದೆಯಲ್ಲೋ.”

ಹಿಂದೆ ನಿಂತು ನೋಡುತ್ತಿದ್ದ ಮಸಿಕಂಠ ಬಾಯಿ ತೆರೆದ. ಬಾಯಿಂದ ಮಸಿ ಸುರಿಯಿತು. ಸುರಿದು ಸುರಿದು ಅವನೇ ಮುಗಿದುಹೋದ. ಮೆಟ್ಟಿಲುಗಳೆಲ್ಲ ಮೈಮುರಿದು ಎದ್ದವು: ಮುನ್ನೂರ ಒಂದು ಜನ. ತಿಪ್ಪವ್ವ ಎದ್ದವಳೇ, ತುಳಿಯುವಾಗ ಹಿಮ್ಮಡಿ ಅಷ್ಟು ಒತ್ತಬೇಕಿತ್ತೇ ಎಂದು ತಂಗಿಯನ್ನು ಬೈದಳು. ಸುರಂಗದಲ್ಲಿ ನಿಂತಿದ್ದ ರೈಲುಗಳು ಒಂದೊಂದಾಗಿ ಒಂದನೆಯದಕ್ಕೆ ಬಂದವು. ದೊರೆಗಳ ರೈಲು ಎರಡನೆಯದು ಖಾಲಿಯಾಗುವವರೆಗೆ ಕಾಯುವುದನ್ನು ಕಲಿಯಿತು. ಕೆಳನಾಡಿನವರು ಬಿಸಿಲು ಏರುವ ಮೊದಲೇ ಸಂತೆ ಮುಟ್ಟಿ, ಹೊಟ್ಟೆ ತುಂಬ ಉಂಡು ಬಾಳಿದರು.

ಇವತ್ತಿಗೂ ಒಂದನೇ ಪ್ಲಾಟ್‌ಫಾರಂ ಮೇಲೆ ದ್ಯಾಮವ್ವನಿಗೆ ಸ್ವಂತ ಉಪ್ಪಿನ ಅಂಗಡಿ ಇದೆ, ಪಕ್ಕದಲ್ಲಿ ಕೂರಲು ಅಕ್ಕ ಇದ್ದಾಳೆ. ಕಲ್ಲು ಉಜ್ಜಿದ ಬಲಗೈಯಲ್ಲಿ ಹೆಬ್ಬೆರಳು ಬಿಟ್ಟರೆ ಬೇರೆ ಬೆರಳಿಲ್ಲ.