ಪೆರುಮಾಳನ ಬಲಗಾಲಿನ ಬೂಟು

"ಥೂ! ಮೊದ್ಲು ಅದನ್ನ ಕೆಳಗಿಡಿ... ಕೆಳಗಿಡಿ ಅಂದೆ!"

ಕನಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದಳು.

ಅವಳು ಈಗಷ್ಟೇ ಒರೆಸಿಟ್ಟಿದ್ದ ಹಲಗೆಯ ಮೇಲೆ ಆ ಅಪರಿಚಿತ ಒಂದು ಜೊತೆ ಬೂಟು ತಂದಿಟ್ಟಿದ್ದ. ಮೇಲೆಲ್ಲ ಬಿಳಿ ಬೂಷ್ಟು. ಹೊಲಿಗೆ ಬಿಟ್ಟ ಕಡೆಯಿಂದ ಕಪ್ಪು ಕೆಸರು ಜಿನುಗುತ್ತಿತ್ತು. ಮತ್ತೆ ಆ ನಾತ... ಗೋಡೆಸಂದಿಯಲ್ಲಿ ಇಲಿ ಸತ್ತು ಕೊಳೆತ ಹಾಗೆ!

ಅವನು ಬೂಟನ್ನು ಕೆಳಗಿಳಿಸಲಿಲ್ಲ.

"ಕುಪ್ಪುಸ್ವಾಮಿ ಮೇಸ್ತ್ರಿ ಇಲ್ವಾ?"

"ಅಪ್ಪ ಒಳಗಿದ್ದಾರೆ. ಏನಾಗ್ಬೇಕು?"

"ವರ್ಷಗಟ್ಟಲೆ ಬತ್ತದೆ ಅಂದಿದ್ರು. ನಾಕು ತಿಂಗಳಿಗೇ ಬಾಯಿ ಬಿಡ್ತು. ಒಳ್ಳೇ ಬೂಟು ಅಂತ ನಂಬ್ಕೊಂಡು ಒಲಿಸಿದ್ದು ನಾನು... ಇಂಗಾದ್ರೆ ಎಂಗೆ?"

ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದವರು ತಿರುಗಿ ನೋಡಿದರು. ಯಾರೋ ಕಿಸಕ್ಕನೆ ನಕ್ಕರು.

ಕನಕಳಿಗೆ ಮೈಯೆಲ್ಲ ಉರಿಯಿತು. ಆದರೂ ಮೂಗು ಬಿಗಿಹಿಡಿದು ಆ ಬೂಟಿನ ಕಡೆ ಬಗ್ಗಿ ನೋಡಿದಳು. ಬೂಷ್ಟಿನ ಅಡಿಯಲ್ಲಿ ಒತ್ತೊತ್ತಾಗಿ ಹಾಕಿದ ಜೋಡಿ ಹೊಲಿಗೆ... ಅಯ್ಯೋ, ಇದು ಅಪ್ಪನ ಕೈಯ ಹೊಲಿಗೆಯೇ!

ಬಂಗಾರಪೇಟೆಯ ಬಜಾರಿನಲ್ಲಿ ಕುಪ್ಪುಸ್ವಾಮಿಯ ಬೂಟಿನಂಗಡಿ ಎಂದರೆ ರೈಲ್ವೆಯವರಿಗೂ ಗಣಿಯವರಿಗೂ ಗೊತ್ತು. ಕಾಲಿನ ಅಳತೆ ತೆಗೆದು, ಮರದ ಅಚ್ಚಿಗೆ ತೊಗಲು ಎಳೆದು ಕಟ್ಟಿ, ಮೇಣ ಹಚ್ಚಿದ ದಾರದಲ್ಲಿ ಹೊಲಿಯುತ್ತಿದ್ದ. ಕನಕ ಹುಟ್ಟಿದ್ದೇ ಆ ವಾಸನೆಯೊಳಗೆ. ಹೊಸ ತೊಗಲು, ಹರಳೆಣ್ಣೆ, ಜೇನುಮೇಣ... ಅವಳಿಗೆ ಅದೆಂದೂ ಹೇಸಿಗೆ ಎನಿಸಿರಲಿಲ್ಲ. ಹೇಸಿಗೆ ಪಡುತ್ತಿದ್ದವರು ಬೇರೆಯವರು. ಶಾಲೆಯಲ್ಲಿ ಅವಳು ಬಂದರೆ ಹುಡುಗಿಯರು ಬೆಂಚಿನಲ್ಲಿ ಜರುಗಿ ಕೂರುತ್ತಿದ್ದರು. "ತೊಗಲಂಗಡಿ ಬಂತು ಕಣ್ರೇ!" ಎಂದು ಮೂಗು ಹಿಡಿಯುತ್ತಿದ್ದರು.

ಇಂದು ಮೊದಲ ಸಲ ಅವಳೇ ಮೂಗು ಹಿಡಿದಿದ್ದಳು. ಅದೂ ಅಪ್ಪ ಹೊಲಿದ ಬೂಟಿಗೆ!

ಗಲಾಟೆ ಕೇಳಿ ಕುಪ್ಪುಸ್ವಾಮಿ ಹೊರಗೆ ಬಂದ. ಬೂಟು ನೋಡಿ ಅವನ ಮುಖ ಇಳಿದುಹೋಯಿತು. ಬಿಟ್ಟ ಹೊಲಿಗೆಯನ್ನು ಬೆರಳಲ್ಲಿ ಮುಟ್ಟಿ ನೋಡಿದ.

"ಬುಟ್ಟೋಗಪ್ಪ ಪೆರುಮಾಳ್. ಬಾನುವಾರ ಬಾ," ಎಂದಷ್ಟೇ ಹೇಳಿದ.

ಪೆರುಮಾಳ್! ಕನಕ ಬೆಚ್ಚಿದಳು. ಅವಳು ಕ್ಯಾಸಂಬಳ್ಳಿಯ ಸೋದರತ್ತೆಯ ಮನೆಯಲ್ಲಿದ್ದಾಗ ಅಳತೆ ಕೊಟ್ಟು ಹೋಗಿದ್ದ ಕೋರಮಂಡಲ್ ಗಣಿಯ ಹುಡುಗ ಇವನೇನಾ? "ಅಂಥ ಹುಡುಗ ಅಳಿಯನಾಗಿ ಸಿಕ್ಕಿದ್ರೆ ಪುಣ್ಯ ಕಣಮ್ಮಾ" ಎಂದು ಅಪ್ಪ ಮತ್ತೆ ಮತ್ತೆ ಹೊಗಳುತ್ತಿದ್ದದ್ದು ಇವನನ್ನೇನಾ?

'ಥೂ... ಇವನಾ!'

ಆ ದಿನ ಕುಪ್ಪುಸ್ವಾಮಿ ಊಟ ಮಾಡಲಿಲ್ಲ.

"ನನ್ನ ಕೈ ಸೋತೋಯ್ತೇನೋ ಕನಕಾ. ಕಣ್ಣೂ ಮಂಜಾಯ್ತು... ಇನ್ನು ಅಂಗಡಿ ಮುಚ್ಚೋದೇ ವಾಸಿ."

"ಸುಮ್ನಿರಪ್ಪಾ! ನಿನ್ನ ಒಲಿಗೆ ಬಿಡೋದಾ? ತಪ್ಪು ಎಲ್ಲಿದೆ ಅಂತ ನಾನು ನೋಡ್ತೀನಿ."

ಅವಳು ಬೂಟುಗಳನ್ನು ಹಿತ್ತಲಿನ ಬಾವಿಕಟ್ಟೆಗೆ ಒಯ್ದಳು. ಎಡಗಾಲಿನದು ಬರೀ ಕೆಸರು, ಬರೀ ಒದ್ದೆ. ಒಂದು ದಿನವೂ ಒಣಗಿದ ಗುರುತಿಲ್ಲ. ಒದ್ದೆಯ ಮೇಲೆ ಒದ್ದೆ ಬಿದ್ದು ದಾರವೇ ಕೊಳೆತಿತ್ತು.

ಬಲಗಾಲಿನ ಬೂಟೊಳಗೆ ಕೈಹಾಕಿದಳು. ತುದಿಯಲ್ಲಿ ಏನೋ ಗಟ್ಟಿಯಾಗಿ ಅಂಟಿತ್ತು. ಎಳೆದಳು.

ಬಟ್ಟೆಯ ಉಂಡೆ! ಹಳದಿ ಕೀವು... ಒಣಗಿದ ರಕ್ತ... ಮಡಿಕೆಯೊಳಗೆ ಬಿಳಿಯದೊಂದು ಮಿಸುಕಿತು.

ಹುಳ!

ಉಂಡೆಯನ್ನು ಎಸೆದು, ಬಾವಿಕಟ್ಟೆ ಹಿಡಿದು ಹೊಟ್ಟೆಯೊಳಗಿದ್ದದ್ದೆಲ್ಲ ಕಾರಿಕೊಂಡಳು. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಕೈಯಿಂದ ಆ ನಾತ ಹೋಗಲಿಲ್ಲ.

'ಕಾಲು ಕೊಳೆತಿದೆ ಅವನಿಗೆ! ಏನು ರೋಗವೋ... ಆ ರೋಗ ಮುಚ್ಚಿಟ್ಟುಕೊಂಡು ಅಪ್ಪನ ಹೊಲಿಗೆಗೆ ಹೆಸರಿಡಲು ಬಂದಿದ್ದಾನೆ! ಅಂಥವನ ಕಾಲಿಗೆ ನಾನು ನೀರು ಹಾಕಬೇಕಿತ್ತಾ?'

ಆದರೂ ಅವಳು ಬೂಟನ್ನು ಬಿಸಾಡಲಿಲ್ಲ. ಅದು ಅಪ್ಪನ ಕೆಲಸ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಉಜ್ಜಿದಳು. ಬಿಸಿಲಿಗಿಟ್ಟರೆ ತೊಗಲು ಸಿಡಿಯುತ್ತದೆಂದು ನೆರಳಿನಲ್ಲೇ ಇಟ್ಟು, ಒಳಗೆ ಹಳೇ ಪೇಪರು ತುರುಕಿ, ಒದ್ದೆಯಾದಂತೆಲ್ಲ ಬದಲಾಯಿಸಿದಳು. ಒಣಗಿದ ಮೇಲೆ ಹರಳೆಣ್ಣೆಯಲ್ಲಿ ಮೇಣ ಕರಗಿಸಿ ತೀಡಿದಳು. ಕುಪ್ಪುಸ್ವಾಮಿ ಹೊಸ ದಾರದಲ್ಲಿ ಹೊಲಿದ. ಬೂಟು ಮತ್ತೆ ಮಿರುಗಿತು. ಅವಳ ಹೇಸಿಗೆ ಮಾತ್ರ ಕಡಿಮೆಯಾಗಲಿಲ್ಲ.

ಭಾನುವಾರ ಪೆರುಮಾಳ್ ಬಂದ. ಸಂತೆಗೆ ಬಂದ ಜನ ಬಜಾರಿನ ತುಂಬ ಓಡಾಡುತ್ತಿದ್ದರು. ಕನಕ ಕಾದಿದ್ದದ್ದೂ ಅದಕ್ಕೇ.

"ತಗೊಳ್ಳಿ ನಿಮ್ಮ ಬೂಟು! ಆದ್ರೆ ತಪ್ಪು ಯಾರದು ಅಂತ ಎಲ್ರೂ ಕೇಳ್ಲಿ. ನನ್ನಪ್ಪನ ಒಲಿಗೆ ಬಿಟ್ಟಿಲ್ಲ. ನೀವು ಒಂದಿನಾನೂ ಇದನ್ನ ಒಣಗಿಸಿಲ್ಲ, ಒಂದು ತೊಟ್ಟು ಎಣ್ಣೆ ತೋರಿಸಿಲ್ಲ. ಅದು ಸಾಯ್ಲಿ... ಬಲಗಾಲಲ್ಲಿ ಕೀವಿನ ಬಟ್ಟೆ ಇತ್ತಲ್ಲ, ಹುಳ ಇತ್ತಲ್ಲ! ಏನು ರೋಗ ನಿಮಗೆ? ಕೊಳೆತ ಕಾಲು ಇಟ್ಕೊಂಡು ನಮ್ಮಪ್ಪನ ಮರ್ಯಾದೆ ತೆಗೆಯೋಕೆ ಬಂದ್ರಾ?"

"ಕನಕಾ!" ಕುಪ್ಪುಸ್ವಾಮಿ ಗದರಿದ. ಅಷ್ಟರಲ್ಲಿ ಜನ ನಿಂತಾಗಿತ್ತು.

ಪೆರುಮಾಳನ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ತುಟಿ ತೆರೆದ... ಜನರ ಕಡೆ ನೋಡಿ ನುಂಗಿಕೊಂಡ.

"ಔದು," ಎಂದ ಮೆಲ್ಲಗೆ. "ಕಾಲು ನಂದೇ. ತಪ್ಪೂ ನಂದೇ. ಮೇಸ್ತ್ರಿ, ನಿಮ್ಮ ಕೆಲಸದಲ್ಲಿ ಏನೂ ಕೊರತೆ ಇಲ್ಲ. ಅವತ್ತು ಬಾಯಿಗೆ ಬಂದಂಗೆ ಅಂದ್ಬಿಟ್ಟೆ... ಚಮಿಸಿ."

ಬೂಟು ಎತ್ತಿಕೊಂಡು ತಿರುಗಿದ. "ರೋಗದವನು ಕಣ್ರೋ, ಜರುಗಿ!" ಎಂದು ಯಾರೋ ಕೂಗಿದರು. ಜನ ದಾರಿ ಬಿಟ್ಟರು. ಒಬ್ಬ ಅವನ ಹಿಂದೆಯೇ ಉಗುಳಿದ.

ಕನಕಳ ಎದೆ ಗೆಲುವಿನಿಂದ ಉಬ್ಬಿತು... ಒಂದೇ ಕ್ಷಣ.

ಅವನು ಚಪ್ಪಲಿ ಹಾಕಿದ್ದ. ತೊಳೆದ ಹಿಮ್ಮಡಿ. ಬೆರಳುಗಳೆಲ್ಲ ನೆಟ್ಟಗೆ ಇದ್ದವು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ.

'ಆ ಕೀವು ಇವನದಲ್ಲ! ಮತ್ತೆ... ಯಾಕೆ ಒಪ್ಪಿಕೊಂಡ?'

ಆಮೇಲೆ ಅವಳಿಗೆ ಅನ್ನ ಸೇರಲಿಲ್ಲ. ಜನ ಉಗುಳಿದ್ದು, ಅವನು ತಲೆ ತಗ್ಗಿಸಿ ನಡೆದದ್ದು ಕಣ್ಣೆದುರು ಬರುತ್ತಿತ್ತು. ತಾಳಲಾರದೆ ಒಂದು ಡಬ್ಬಿಯಲ್ಲಿ ಎಣ್ಣೆ-ಮೇಣ ತುಂಬಿಕೊಂಡು, "ಬೂಟಿಗೆ ಹಚ್ಚೋದು ಕೊಡೋಕೆ ಮರೆತೆ" ಎಂದು ಅಪ್ಪನಿಗೆ ಹೇಳಿ ಗಣಿಯ ಕಡೆಗೆ ಹೋಗುವ ರೈಲು ಹತ್ತಿದಳು.

ಕೋರಮಂಡಲಿನಲ್ಲಿ ಇಳಿದಾಗ ಮಧ್ಯಾಹ್ನದ ಪಾಳಿ ಬದಲಾಗುವ ಹೊತ್ತು. ಗಣಿಯಿಂದ ಮೇಲೆ ಬಂದವರು ಬೂದಿ ಬಳಿದುಕೊಂಡಂತೆ ಧೂಳು ಮೆತ್ತಿಕೊಂಡು ಗೇಟಿನಿಂದ ಹೊರಬರುತ್ತಿದ್ದರು. ಅವರ ನಡುವೆ ಪೆರುಮಾಳ್ ಕಂಡ. ಮನೆಗಳ ಸಾಲಿನ ಕಡೆ ಹೋಗದೆ ಗೋಡೆಯ ಹಿಂಬದಿಗೆ ತಿರುಗಿದ.

ಕನಕ ಹಿಂದೆಯೇ ಹೋದಳು.

ಅಲ್ಲಿ ವಯಸ್ಸಾದವನೊಬ್ಬ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದ. ಪೆರುಮಾಳ್ ತನ್ನ ಕಾಲಿನ ಬೂಟು ಬಿಚ್ಚಿ ಒಳಗಿನ ನೀರು ಸುರಿದ. ಮಂಡಿಯೂರಿ ಮುದುಕನ ಬಲಗಾಲಿನ ಬಟ್ಟೆ ಬಿಡಿಸಿದ.

ಕನಕಳ ಕೈ ಮೂಗಿಗೆ ಹೋಯಿತು.

ಹೆಬ್ಬೆರಳೂ ಪಕ್ಕದ್ದೂ ಇರಲಿಲ್ಲ. ಅವು ಇದ್ದ ಜಾಗ ಕೆಂಪಗೆ, ಹಸಿರಾಗಿ ಬಾತು ಸೋರುತ್ತಿತ್ತು. ನೊಣ ಮುತ್ತುತ್ತಿದ್ದವು. ಅದೇ ನಾತ! ಪೆರುಮಾಳ್ ಮುಖ ಸಿಂಡರಿಸದೆ ಬರಿಗೈಯಲ್ಲಿ ಕೀವು ಒರೆಸಿ, ಹೊಸ ಬಟ್ಟೆ ಸುತ್ತಿ, ಆ ಒದ್ದೆ ಬೂಟಿನೊಳಗೆ ಕಾಲನ್ನು ಮೆಲ್ಲಗೆ ತೂರಿಸಲು ಹೊರಟ.

"ನಿಲ್ಲಿಸಿ!"

ಇಬ್ಬರೂ ಬೆಚ್ಚಿಬಿದ್ದರು.

"ಕೂಗ್ಬ್ಯಾಡ ಮಗಳೇ," ಮುದುಕ ಕೈಮುಗಿದ. "ಯಾರಾನಾ ಕೇಳಿಸ್ಕೊಂಡಾರು. ಈ ಕಾಲು ಕಂಡ್ರೆ ನನ್ನ ಗಣಿ ಕೆಳಕ್ಕೆ ಬಿಡಾಕಿಲ್ಲ."

"ಇವ್ರು ಮುನಿನಾರಾಯಣಪ್ಪ ಮಾಮ," ಪೆರುಮಾಳ್ ತಲೆಯೆತ್ತದೆ ಹೇಳಿದ. "ಅಪ್ಪ ಸತ್ತಾಗ ನಂಗೆ ಅನ್ನ ಆಕಿ, ಕೆಲಸ ಕಲಿಸಿದ್ದು ಇವ್ರೇ. ಕಲ್ಲು ಬಿದ್ದು ಬೆರಳು ಓಯ್ತು. ಗಾಯ ಮಾಯ್ದಂಗಾಗಿ ಮತ್ತೆ ಒಡೀತು. ಅಂಗಡೀಲಿ ಸಿಗೋ ಬೂಟು ಉಜ್ತದೆ. ನಿಮ್ಮಪ್ಪ ಒಲಿದಿದ್ದು ಒಂದೇ ಮೆತ್ತಗಿರೋದು... ಬೆಳಗಿನ ಪಾಳಿ ನಂದು, ಮದ್ಯಾನದ್ದು ಮಾಮಂದು."

ಅದಕ್ಕೇ ಬೂಟು ಒಣಗಿರಲಿಲ್ಲ. ಅದಕ್ಕೇ ಅವನು ಬಾಯಿ ಬಿಟ್ಟಿರಲಿಲ್ಲ.

ಕನಕಳಿಗೆ ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

"ಮೆತ್ತಗಿದೆ ಅಂತ ಅಸಿ ಗಾಯಾನ ಒದ್ದೆ ಬೂಟಲ್ಲಿ ಮುಚ್ಚಿಡ್ತೀರಾ? ಇದು ಉಪಕಾರ ಅಲ್ಲ. ನೀವೇ ಕೈಯಾರೆ ಇವ್ರ ಕಾಲು ಕೊಳೆಸ್ತಿದ್ದೀರಿ!"

"ನಿಮಗೇನು ಗೊತ್ತು?" ಪೆರುಮಾಳ್ ಎದ್ದು ನಿಂತ. ಕಣ್ಣು ಕೆಂಪಾಗಿತ್ತು. "ಈ ಕೆಲಸ ಓದ್ರೆ ಮಾಮನ ಮನೇಲಿ ಒಲೆ ಉರಿಯಾಕಿಲ್ಲ! ಬಜಾರಲ್ಲಿ ಅಂದಿದ್ದು ಸಾಲ್ದಾ? ಓಗಿ ಇಲ್ಲಿಂದ!"

ಗಣಿಯ ಸಂಗು ಕೂಗಿತು. ಪಾಳಿಯವರನ್ನು ಕರೆಯುವ ಕೂಗು.

"ಬೂಟು ಕೊಡಿ!" ಪೆರುಮಾಳ್ ಕೈಚಾಚಿದ.

ಕನಕ ಬಲಗಾಲಿನ ಬೂಟನ್ನು ಕಸಿದುಕೊಂಡು ಎದೆಗೆ ಒತ್ತಿ ಹಿಡಿದಿದ್ದಳು. ಕೆಸರು, ಕೀವು ಅವಳ ರವಿಕೆಗೆ ಇಳಿಯುತ್ತಿತ್ತು. ವಾಕರಿಕೆ ಬರುತ್ತಿತ್ತು. ಬಿಡಲಿಲ್ಲ.

"ಕೊಡಲ್ಲ. ಹೊಡೆದ್ರೂ ಕೊಡಲ್ಲ. ಕಾಲು ಓದ್ರೆ ಕೆಲಸ ಎಲ್ಲಿಂದ ಬರ್ತದೆ? ಆಸ್ಪತ್ರೆಗೆ ನಡೀರಿ ಮಾಮಾ..."

ಸಂಗು ನಿಂತಿತು. ಗೇಟು ಮುಚ್ಚಿತು. ಮುನಿನಾರಾಯಣಪ್ಪ ಮುಖ ಮುಚ್ಚಿಕೊಂಡು ಅತ್ತ.

"ಬುಡ್ಲಾ ಪೆರುಮಾಳ. ನಿಜ ಏಳ್ತಾವ್ಳೆ. ನೋವು ತಡೆಯಾಕಾಗ್ತಿಲ್ಲ ಕಣ್ಲಾ... ನಿಂಗೆ ಏಳಿಲ್ಲ ಅಷ್ಟೆ."

ಪೆರುಮಾಳ್ ಕಲ್ಲಿನಂತೆ ನಿಂತ. ಆಮೇಲೆ ಬಾಗಿ ಮಾಮನನ್ನು ಬೆನ್ನ ಮೇಲೆ ಹೊತ್ತುಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರು ಕಾಲು ನೋಡಿ ಬೈದರು. ಇನ್ನೂ ತಡವಾಗಿದ್ದರೆ ಮಂಡಿಯವರೆಗೆ ತೆಗೆಯಬೇಕಿತ್ತು ಎಂದರು. ಪೆರುಮಾಳ್ ಮೆಟ್ಟಿಲ ಮೇಲೆ ಕುಸಿದು ಕೂತು ತನ್ನ ಅಂಗೈಗಳನ್ನೇ ನೋಡುತ್ತಿದ್ದ. ಕನಕ ಹತ್ತಿರ ಬಂದಳು. ಅವನು ಮುಖ ತಿರುಗಿಸಿದ.

ಅವಳು ಒಬ್ಬಳೇ ರೈಲು ಹತ್ತಿದಳು.

ದಿನಗಳು ಹೋದವು, ವಾರಗಳು ಹೋದವು. ಅವನು ಬರಲಿಲ್ಲ. ಬಜಾರಿನಲ್ಲಿ ಮಾತ್ರ ಅವನ ಹೆಸರು ಬರುತ್ತಿತ್ತು. "ಆ ಕೊಳೆತ ಕಾಲಿನವನು..." ಎಂದು ಟೀ ಅಂಗಡಿಯಲ್ಲಿ ನಗುತ್ತಿದ್ದರು. ಕೇಳಿದಾಗಲೆಲ್ಲ ಕನಕಳಿಗೆ ತನ್ನ ನಾಲಗೆಯೇ ಹೇಸಿಗೆಯೆನಿಸಿತು. ಆ ಮಾತು ಬಂದದ್ದು ಅವಳ ಬಾಯಿಂದಲೇ ಅಲ್ಲವೇ?

ಒಂದು ಸಂತೆಯ ದಿನ ಅವಳು ನೇರವಾಗಿ ಟೀ ಅಂಗಡಿಯ ಮುಂದೆ ಹೋಗಿ ನಿಂತಳು.

"ಎಲ್ರೂ ಕೇಳಿ! ಪೆರುಮಾಳ್ ಅವ್ರಿಗೆ ಯಾವ ರೋಗಾನೂ ಇಲ್ಲ. ಬೇರೆಯವ್ರ ಗಾಯಾನ ತಮ್ಮದು ಅಂತ ಒಪ್ಕೊಂಡ್ರು. ನಾನು ಸುಳ್ಳು ಹೇಳ್ದೆ. ಉಗಿಯೋ ಹಂಗಿದ್ರೆ ನಂಗೆ ಉಗೀರಿ!"

ಯಾರೂ ಉಗುಳಲಿಲ್ಲ. ಯಾರೂ ನಗಲೂ ಇಲ್ಲ. ಹಿಂತಿರುಗಿದಾಗ ಕುಪ್ಪುಸ್ವಾಮಿ ಬಾಗಿಲಲ್ಲಿ ನಿಂತಿದ್ದ. ಮಗಳ ತಲೆ ಸವರಿದ.

ಮುಂದಿನ ಭಾನುವಾರ ಅಂಗಡಿಯ ಮೆಟ್ಟಿಲ ಮೇಲೆ ನೆರಳು ಬಿತ್ತು. ಕನಕ ತಲೆಯೆತ್ತಿದಳು.

ಪೆರುಮಾಳ್!

"ಮಾಮ ಎಂಗಿದ್ದಾರೆ?" ಮೊದಲು ಬಾಯಿಗೆ ಬಂದದ್ದು ಅದೇ.

"ನಡೀತಾವ್ರೆ. ಕಾಲು ಉಳೀತು. ಕೆಳಕ್ಕಿಳಿಸ್ದೆ ಮೇಲೇ, ಗಣಿ ದೀಪ ಕೊಡೋ ಕೋಣೇಲಿ ಕೆಲಸ ಕೊಟ್ಟವ್ರೆ. 'ಆ ಮಗಳು ಎಂಗವ್ಳೆ' ಅಂತ ದಿನಾ ಕೇಳ್ತಾರೆ."

"ನಿಮಗೆ... ಇನ್ನೂ ಕೋಪಾನಾ?"

"ನಿಮ್ಮ ಮೇಲಾ?" ಅವನು ತಲೆಯಾಡಿಸಿದ. "ಮೊದ್ಲು ಇತ್ತು. ಆಮೇಲೆ ನನ್ನ ಮೇಲೇ ಅಸಹ್ಯ ಬಂತು. ಪಿರೀತಿ ಅಂದ್ಕೊಂಡು ಮಾಮನ ಕಾಲು ನಾನೇ ಕೊಳೆಸಿದ್ನಲ್ಲಾ ಅಂತ. ನಿಮ್ಮ ಮುಂದೆ ಬಂದು ನಿಲ್ಲೋಕೆ ಮೊಕ ಇರ್ಲಿಲ್ಲ."

"ನಂಗೂ ಅಷ್ಟೇ," ಕನಕಳ ದನಿ ಒಡೆಯಿತು. "ಅವತ್ತು ಅಷ್ಟು ಜನದ ಮುಂದೆ... ನನ್ನ ಕ್ಷಮಿಸ್ತೀರಾ?"

"ಅಷ್ಟು ಜನದ ಮುಂದೇನೇ ಇನ್ನೊಂದು ಮಾತೂ ಆಡಿದ್ರಂತಲ್ಲ. ಕೋರಮಂಡಲ್ ತನಕ ಕೇಳಿಸ್ತು."

ಅವಳು ನಾಚಿ ತಲೆ ತಗ್ಗಿಸಿದಳು. ಒಳಗೆ ಕುಪ್ಪುಸ್ವಾಮಿ ಬೇಕೆಂದೇ ಜೋರಾಗಿ ಸುತ್ತಿಗೆ ಬಡಿಯುತ್ತಿದ್ದ.

"ಮೇಸ್ತ್ರೀನ ಒಂದು ಮಾತು ಕೇಳ್ಬೇಕು ಅಂತ ಬಂದೆ," ಪೆರುಮಾಳ್ ಕೆಮ್ಮಿದ. "ಅದಕ್ಕೂ ಮುಂಚೆ ನಿಮ್ಮನ್ನ ಕೇಳ್ಬೇಕು."

"ಕೇಳಿ."

"ಅದೇ... ಏನಂದ್ರೆ..."

"ಭೂಮಿ ಒಳಗೆ ಅಷ್ಟು ದೂರ ಇಳೀತೀರಿ. ಇಷ್ಟು ಕೇಳೋಕೆ ಭಯಾನಾ?"

"ಅಲ್ಲಿ ಕತ್ತಲು ಕನಕಾ. ಯಾರ ಮೊಕಾನೂ ಸರಿಯಾಗಿ ಕಾಣಲ್ಲ. ಇಲ್ಲಿ ನಿಮ್ಮ ಮೊಕ ಕಾಣ್ತದೆ... ಮಾತೇ ಮರ್ತೋಗ್ತದೆ." ಅವನು ಉಸಿರೆಳೆದುಕೊಂಡ. "ನನ್ನ ಮದುವೆ ಆಗ್ತೀರಾ?"

"ಅಂಗಲ್ಲ."

ಅವನ ಮುಖ ಬಾಡಿತು. "ಆಗಲ್ವಾ?"

"'ಆಗ್ತೀರಾ' ಅಂತ ಅಲ್ಲ. 'ಆಗ್ತೀಯಾ' ಅಂತ ಕೇಳು."

ಪೆರುಮಾಳನ ಕಣ್ಣಲ್ಲಿ ನೀರು ತುಂಬಿತು. ನಕ್ಕುಬಿಟ್ಟ.

"ಆಗ್ತೀಯಾ, ಕನಕಾ?"

"ಊಂ."

"ಊಂ ಅಂದ್ರೆ?"

"ಊಂ ಅಂದ್ರೆ ಊಂ! ಒಳಗೆ ಬಾ... ಅಪ್ಪ ಇಲ್ಲದ ಮೊಳೆ ಬಡಿದು ಬಡಿದು ಸುಸ್ತಾಗಿದ್ದಾರೆ."