ಈರುಳ್ಳಿ ಸುಟ್ಟ ಕಳೆನಾಶಕ

ಕುಡುಗೋಲಿನ ಅಂಚು ಕುತ್ತಿಗೆಗೆ ತಾಗಿದಾಗಲೇ ಗೊತ್ತಾಗಿದ್ದು... ಹಿಂದೆ ಯಾರೋ ನಿಂತಿದ್ದಾನೆ!

"ಅಲ್ಲಾಡಬ್ಯಾಡ ಮಾಲತೇಶಣ್ಣ. ಕೈ ಮ್ಯಾಲೆತ್ತು."

ಎತ್ತಿದೆ.

ಮಟಮಟ ಮಧ್ಯಾಹ್ನ. ಕರೂರು ಕೈಗಾರಿಕಾ ಪ್ರದೇಶದ ತಗಡಿನ ಗೋಡೌನು. ನನ್ನ ಮುಂದೆ ಬಾಯಿ ತೆರೆದ ಕ್ಯಾನುಗಳು. ಪಕ್ಕದಲ್ಲಿ ಬಾಟಲಿಗಳ ರಾಶಿ. ಬಾಟಲಿಗೆಲ್ಲ ಹೊಸ ಲೇಬಲ್ಲು... ಮೇಲೆ ಈರುಳ್ಳಿ ಚಿತ್ರ!

ನಾನು ಪ್ರೈವೇಟ್ ಡಿಟೆಕ್ಟಿವ್. ದಾವಣಗೆರೆಯಲ್ಲಿ ಡಿಟೆಕ್ಟಿವ್‌ಗೆ ಏನು ಕೆಲಸ ಅಂತ ನಗಬೇಡಿ ಸಾರ್. ಮದುವೆ ಗಂಡಿನ ವಿಚಾರಣೆ, ಮಾಯವಾದ ಲಾರಿ... ಹೊಟ್ಟೆ ತುಂಬುತ್ತದೆ.

ಈ ಕೇಸು ತಂದವಳು ಓಬವ್ವ. ಹರಿಹರದ ಪಕ್ಕದ ಹಳ್ಳಿಯಾಕೆ. ಈರುಳ್ಳಿಯನ್ನು ಬಿಟ್ಟು ಕಳೆಯನ್ನಷ್ಟೇ ಕೊಲ್ಲುತ್ತದೆ ಅಂತ ಕಳೆನಾಶಕ ತಂದು ಹೊಡೆದಳು. ವಾರದೊಳಗೆ ಕಳೆಯ ಜೊತೆ ಈರುಳ್ಳಿಯೂ ಸುಟ್ಟು ಮಲಗಿತು.

"ನಾ ಹೇಳ್ದೆ ಅಂತ ಓಣಿಯೋರೆಲ್ಲ ಅದನ್ನೇ ಹೊಡುದ್ರಪ್ಪ. ಈಗ ನನ್ನ ಕಂಡ್ರೆ ಬಾಗ್ಲ ಹಾಕ್ಕೋತಾರೆ. ಹಾಳು ಮಾಡಿದ್ದು ನಾನೋ, ಬಾಟ್ಲಿನೋ... ಅಷ್ಟು ಹೇಳು ಸಾಕು."

ಉಳಿದಿದ್ದ ಬಾಟಲಿಯನ್ನು ಗುರುಮೂರ್ತಿಗೆ ಕೊಟ್ಟೆ. ನಿಟ್ಟುವಳ್ಳಿಯ ಒಂದೇ ಓಣಿಯಲ್ಲಿ ಬೆಳೆದವರು ನಾವು. ಈಗ ಎಸ್.ಎಸ್. ಬಡಾವಣೆಯಲ್ಲಿ ಅವನದೇ ಲ್ಯಾಬ್. ಟೆಸ್ಟ್ ಮಾಡಿ ರಿಪೋರ್ಟ್ ಕೊಟ್ಟ. ಔಷಧಿ ಸರಿಯಿದೆ, ಓಬವ್ವನೇ ಅಳತೆ ತಪ್ಪಿದ್ದಾಳೆ!

ಓಬವ್ವ ಒಂದೇ ಮಾತು ಕೇಳಿದಳು.

"ನಾ ತಪ್ಪಿರಬೌದು. ಓಣಿಯೋರೆಲ್ಲ ಒಟ್ಟಿಗೇ ತಪ್ಪಿದ್ರಾ?"

ಆಕೆ ಬಾಟಲಿ ಕೊಂಡಿದ್ದ ಅಂಗಡಿಗೆ ಹೋದೆ. ಅಂಗಡಿಗೆ ಮಾಲು ಹಾಕುವ ಟೆಂಪೋ ಬೆನ್ನು ಹತ್ತಿದೆ. ಅದು ಈ ಗೋಡೌನಿಗೆ ಬಂತು. ಒಳಗೆ ನುಗ್ಗುವ ಮುಂಚೆ ಗುರುಮೂರ್ತಿಗೆ ಫೋನ್ ಮಾಡಿದ್ದೆ. ನನಗೇನಾದರೂ ಆದರೆ ಒಬ್ಬನಿಗಾದರೂ ಗೊತ್ತಿರಲಿ ಅಂತ!

ಕುಡುಗೋಲಿನವನು ಕಿಸಕ್ಕನೆ ನಕ್ಕ.

"ಬಂದಿದ್ದೇ ಗೊತ್ತಾಗ್ಲಿಲ್ಲ ಅಲ್ಲ? ಎಡಗಡೆಯಿಂದ ಹೋಗು ಅಂದಿದ್ರು. ಎಡಗಿವಿ ಕೇಳಂಗಿಲ್ಲಂತಲ್ಲ ನಿನಗೆ!"

ಮೈ ತಣ್ಣಗಾಯಿತು. ಕುಡುಗೋಲಿಗಲ್ಲ...

ನನ್ನ ಎಡಗಿವಿ ಸತ್ತಿರುವುದು ನಿಜ. ನನ್ನ ಕಸುಬಿನಲ್ಲಿ ಇಂಥದ್ದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಊರಲ್ಲಿ ಗೊತ್ತಿದ್ದವನು ಒಬ್ಬನೇ. ಆಕ್ಸಿಡೆಂಟ್ ಆದಾಗ ಆಸ್ಪತ್ರೆಯಲ್ಲಿ ನನ್ನ ಬಲಗಡೆಗೆ ಕುರ್ಚಿ ಎಳೆದುಕೊಂಡು ಕೂತವನು. ಅಂದಿನಿಂದ ನನ್ನ ಬಲಕ್ಕೇ ನಡೆಯುವವನು.

ಗುರುಮೂರ್ತಿ!

ಎದುರಿನ ಕ್ಯಾನಿಗೆ ಒದ್ದೆ. ಘಾಟು ನೀರು ನೆಲಕ್ಕೆಲ್ಲ ಹರಿಯಿತು. ಕುಡುಗೋಲಿನವನ ಚಪ್ಪಲಿ ಜಾರಿತು. ಕುಡುಗೋಲು ನನ್ನ ಕುತ್ತಿಗೆಯನ್ನು ಗೀರಿಕೊಂಡೇ ಬಿತ್ತು. ಓಡಿದೆ!

ಬೈಕು ಹರಿಹರದ ಕಡೆ ಹಾರಿತು. ಹಿಂದೆ ಟೆಂಪೋ. ಹಾರ್ನು... ಹಾರ್ನು... ಎರಡು ಲಾರಿಗಳ ನಡುವೆ ಬೈಕು ತೂರಿಸಿದೆ. ಟೆಂಪೋ ತೂರಲಿಲ್ಲ. ಗಾಜು ಪುಡಿಯಾದ ಸದ್ದು ಬಲಗಿವಿಗೆ ಚೆನ್ನಾಗಿಯೇ ಕೇಳಿಸಿತು!

ಹರಿಹರದಾಚೆ ಹೊಳೆ ದಂಡೆಗೆ ಗುರುಮೂರ್ತಿಯ ಹೊಲವಿದೆ. ಅಲ್ಲೂ ಈರುಳ್ಳಿಯೇ. ಓಬವ್ವನಿಗೆ ಫೋನ್ ಮಾಡಿ ಅಲ್ಲಿಗೆ ಬರಹೇಳಿದೆ. ಕೃಷಿ ಅಧಿಕಾರಿ ಭುವನೇಶ್ವರಿ ಮೇಡಂಗೂ ತಿಳಿಸಿದೆ; ಅವರು ಒಬ್ಬ ಪೊಲೀಸನನ್ನು ಕರೆದುಕೊಂಡು ಬಂದರು. ಮೂವರನ್ನೂ ಪಂಪ್‌ಹೌಸಿನ ಹಿಂದೆ ನಿಲ್ಲಿಸಿದೆ. ಆಮೇಲೆ ಗುರುಮೂರ್ತಿಗೆ ಫೋನ್ ಮಾಡಿದೆ.

"ನಿನ್ನ ಹೊಲದಾಗಿದೀನಿ. ಬಾ."

ಕಾರು ಬಂತು. ನನ್ನನ್ನು ಕಂಡು ಒಂದು ಕ್ಷಣ ಅವನ ಮುಖ ಬಿಳಿಚಿತು. ಆಮೇಲೆ ಓಡಿ ಬಂದ.

"ಏನೋ ಇದು ರಕ್ತ? ಯಾರೋ ಮಾಡಿದ್ದು?"

ಬಂದು ನನ್ನ ಬಲಕ್ಕೇ ನಿಂತ. ಅಭ್ಯಾಸ...

ನಾನು ಪಂಪ್‌ಹೌಸಿನಲ್ಲಿದ್ದ ಸ್ಪ್ರೇಯರನ್ನು ಬೆನ್ನಿಗೇರಿಸಿದೆ.

"ನಿನ್ನ ಈರುಳ್ಳಿಯಾಗೂ ಕಳೆ ಬಂದೈತೆ. ಹೊಡೀತೀನಿ."

"ಏನು ಹೊಡೀತೀಯ?"

"ಗೋಡೌನಿಂದು. ಸರಿ ಐತೆ ಅಂತ ನೀನೇ ರಿಪೋರ್ಟ್ ಕೊಟ್ಟೀಯಲ್ಲ!"

ಒಂದು ಸಾಲು ಹೊಡೆದೆ. ಅವನು ತುಟಿ ಕಚ್ಚಿಕೊಂಡ. ಎರಡನೇ ಸಾಲಿಗೆ ತಿರುಗಿದೆ.

"ಬ್ಯಾಡ! ಬ್ಯಾಡ ಕಣೋ! ನಿಲ್ಸು!"

"ಯಾಕ?"

"ಪೂರಾ ಸುಟ್ಟು ಹೋಗ್ತೈತೆ! ಅದು ಈರುಳ್ಳಿಗೆ ಹೊಡಿಯೋದಲ್ಲ... ಹಸಿರು ಕಂಡಿದ್ದೆಲ್ಲ ಸುಡ್ತೈತೆ! ಲೇಬಲ್ ಬದಲಿಸಿ ನಾವೇ ತುಂಬ್ಸಿದ್ದು!"

ಪಂಪ್‌ಹೌಸಿನ ಹಿಂದಿನಿಂದ ಭುವನೇಶ್ವರಿ ಮೇಡಂ ಹೊರಬಂದರು. ಕೈಯಲ್ಲಿ ಮೊಬೈಲು. ಎಲ್ಲ ರೆಕಾರ್ಡ್ ಆಗಿತ್ತು!

ಗುರುಮೂರ್ತಿ ಕೆಸರಲ್ಲೇ ಕುಸಿದ.

"ನನ್ನ ಕಿವಿ ವಿಷಯ ಅವನಿಗೆ ಯಾಕೋ ಹೇಳ್ದೆ?"

"ಹೆದ್ರಿಸಿ ಕಳ್ಸು ಅಂದಿದ್ದೆ ಅಷ್ಟೇ ಕಣೋ..."

"ಹೆದ್ರಿಸಾಕೆ ಕುಡುಗೋಲಾ?"



ಓಬವ್ವ ಮುಂದೆ ಬಂದಳು. ಬೈಯಲಿಲ್ಲ.

"ಮೇಡಂ, ಸ್ಟೇಷನ್‌ಗೆ ಆಮೇಲೆ ಒಯ್ಯಿರಿ. ಮೊದ್ಲು ನಮ್ಮ ಓಣಿಗೆ ಕರ್ಕೊಂಡು ಬರ್ರಿ. ಇದನ್ನೇ ಅಲ್ಲಿ ಹೇಳ್ಲಿ."

ಪೊಲೀಸ್ ಜೀಪು ಆಕೆಯ ಓಣಿಯಲ್ಲಿ ನಿಂತಿತು. ಗುರುಮೂರ್ತಿ ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದ. ಒಂದೊಂದೇ ಬಾಗಿಲು ತೆರೆಯಿತು. ಎದುರುಮನೆಯ ಕಾಟಮ್ಮ ಬಂದು ಓಬವ್ವನ ಕೈ ಹಿಡಿದುಕೊಂಡಳು. ಅಲ್ಲಿಯವರೆಗೂ ಅಳದ ಓಬವ್ವ ಆಗ ಅತ್ತಳು.

ಜೀಪು ಹೊರಡುವಾಗ ಗುರುಮೂರ್ತಿ ನನ್ನನ್ನು ಕರೆದ.

"ನನ್ನ ಈರುಳ್ಳಿ ಹೋತೇನೋ?"

"ಇಲ್ಲ. ಹೊಡೆದಿದ್ದು ನಿನ್ನ ಬೋರ್‌ವೆಲ್ ನೀರು."

ನಿಟ್ಟುವಳ್ಳಿಗೆ ವಾಪಸಾದೆ. ನನ್ನ ಮನೆಯ ಇನ್ನೊಂದು ಕೀ ಇಷ್ಟು ವರ್ಷ ಅವನ ಹತ್ತಿರವೇ ಇತ್ತು.

ಅಂಗಡಿಗೆ ಹೋಗಿ ಹೊಸ ಬೀಗ ಕೇಳಿದೆ. ಅಂಗಡಿಯವನು ಬೀಗದ ಜೊತೆ ಮೂರು ಕೀ ಕೊಟ್ಟ.

ಎರಡನ್ನು ಅಲ್ಲೇ ಚರಂಡಿಗೆ ಎಸೆದೆ!